ಆರು ಕಡ್ಡಿ, ನಾಲ್ಕು ತ್ರಿಕೋನ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಧಾರವಾಡದಲ್ಲಿ ಮನಶ್ಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದೆ. ದಾರಿ ಕಾಣದೆ ಕುಳಿತವರಿಗೆ ಉತ್ತರ ಥಟ್ಟನೆ ಹೊಳೆಯುವುದು ಹೇಗೆ ಎಂಬುದು ನನ್ನ ವಿಷಯ. ಇದರಿಂದ ಏನು ಉಪಯೋಗ ಎಂದು ವಿಶ್ವವಿದ್ಯಾಲಯದ ಸಂಶೋಧನಾ ಸಮಿತಿಯವರು ಕೇಳಿದಾಗ ತಡವರಿಸಿದ್ದೆ. ಎರಡನೆಯ ಸಲ ಹೋಗುವಾಗ ಕೈಯಲ್ಲಿ ಏನಾದರೂ ಇರಬೇಕು, ಇಲ್ಲದಿದ್ದರೆ ವಿಷಯ ಬಿಟ್ಟು ವಿದ್ಯಾರ್ಥಿಗಳ ಪರೀಕ್ಷಾ ಭಯದ ಮೇಲೆ ಬರೆಯಬೇಕು ಎಂದು ಮಾರ್ಗದರ್ಶಕರು ಹೇಳಿದ್ದರು. ಪರೀಕ್ಷಾ ಭಯದ ಮೇಲೆ ಆಗಲೇ ಕಪಾಟು ತುಂಬ ಪ್ರಬಂಧಗಳಿದ್ದವು.

ಹಾಗಾಗಿ ಶೇಡಬಾಳಕ್ಕೆ, ಅವ್ವನ ತಂಗಿಯ ಮನೆಗೆ ಹೋದೆ. ಮಾವಶಿಯ ಮನೆಯಲ್ಲಾದರೆ ಅಕ್ಕಪಕ್ಕದ ಹೆಂಗಸರು ಸಂಕೋಚವಿಲ್ಲದೆ ಬರುತ್ತಾರೆ ಎಂಬ ಲೆಕ್ಕಾಚಾರ. ನನ್ನ ಸಾಮಗ್ರಿ ಒಂದು ಕಡ್ಡಿಪೆಟ್ಟಿಗೆ ಮತ್ತು ತುದಿ ಅಂಟಿಸಲು ಸ್ವಲ್ಪ ಕಣಕ. ಆರು ಕಡ್ಡಿಗಳಿಂದ, ಒಂದನ್ನೂ ಮುರಿಯದೆ, ನಾಲ್ಕು ಸಮ ತ್ರಿಕೋನ ಮಾಡಬೇಕು. ನೆಲದ ಮೇಲೆ ಎಷ್ಟು ಹರಡಿದರೂ ಆಗುವುದಿಲ್ಲ. ಮೂರನ್ನು ಮಲಗಿಸಿ, ಉಳಿದ ಮೂರನ್ನು ಗೋಪುರದಂತೆ ಮೇಲೆತ್ತಬೇಕು. ಮೇಲೆತ್ತಬಹುದು ಎಂದು ಹೊಳೆಯುವ ಆ ಗಳಿಗೆಯೇ ನನಗೆ ಬೇಕಾಗಿದ್ದದ್ದು.

ಮೊದಲ ದಿನ ಒಬ್ಬೊಬ್ಬರನ್ನೇ ಒಳಕೋಣೆಗೆ ಕರೆದೆ. ಮಾವಶಿ ಬಹಳ ಹೊತ್ತು ಕಡ್ಡಿ ಸರಿಸಾಡಿ, "ನಿನ್ನ ಸಾಲಿ ಓದಿಗೆ ಬೆಂಕಿ ಹತ್ತಲಿ" ಎಂದು ಎದ್ದು ಹೋದಳು. ಉಳಿದವರದೂ ಅದೇ ಪಾಡು. ಕಡೆಗೆ ಬಾಜೂಮನೆಯ ಅಕ್ಕ ಸೋತು ಕಡ್ಡಿ ಒಟ್ಟುಗೂಡಿಸಿ ಎತ್ತಿದವಳು ಹಾಗೇ ನಿಂತುಬಿಟ್ಟಳು.

"ಅಯ್ಯ! ಇವು ನಿಂದರತಾವಲ್ಲೇ!"

ಅವಳ ಮುಖ ಅರಳಿದ್ದನ್ನು ಕಂಡಾಗ ಈ ವಿಷಯ ಬಿಡಲಾರೆ ಅನ್ನಿಸಿತು. ಯಾರಿಗೂ ಹೇಳಬೇಡಿ ಎಂದು ಅವಳನ್ನು ಬೇಡಿಕೊಂಡೆ.

ಮರುದಿನ ಒಳಗೆ ಬಂದ ಪ್ರತಿಯೊಬ್ಬರೂ ಕೂತದ್ದೇ ತಡ, ಗೋಪುರ ಕಟ್ಟಿದರು. ಹೇಗೆ ಗೊತ್ತಾಯಿತು ಎಂದರೆ ಎಲ್ಲರದೂ ಒಂದೇ ಉತ್ತರ: "ಒಮ್ಮಿಗೇ ಹೊಳೀತ್ರಿ." ಮಧ್ಯಾಹ್ನದ ಹೊತ್ತಿಗೆ ಕಡ್ಡಿಪೆಟ್ಟಿಗೆ ಮುಚ್ಚಿಟ್ಟೆ. ಅಡುಗೆಮನೆಗೆ ಹೋಗಿ ಕೇಳಿದೆ.

"ಮಾವಶಿ, ಮಂದೀಗೆ ನೀ ಹೇಳಿದೇನು?"

"ಹೇಳದ ಏನ್ ಮಾಡ್ಲೇ? ನಿನ್ನ ಪರೀಕ್ಷಾ ಅಂದಿ. ಓಣಿ ಮಂದಿ ಎಲ್ಲಾ ನಪಾಸಾದ್ರ ನೀ ಹೆಂಗ ಪಾಸಾಗ್ತಿ? ನನ್ನ ಮನೀಗೆ ಬಂದಾಕಿನ ಬರಿಗೈಲೆ ಕಳಸಲೇನು?"

"ನಿನಗ ಉತ್ತರ ಯಾರ ಹೇಳಿದ್ರು?"

"ಯಾರ ಯಾಕ ಹೇಳ್ತಾರ? ರೊಟ್ಟಿ ಬಡಿಯೂ ಮುಂದ ತಾನ ಹೊಳೀತು."

ಬಾಗಿಲಲ್ಲಿ ನಿಂತಿದ್ದ ಬಾಜೂಮನೆಯ ಅಕ್ಕ ಸೊಂಟಕ್ಕೆ ಕೈಯಿಟ್ಟಳು. "ಏ ನಮ್ಮವ್ವ, ನಿನ್ನೆ ನೀರ ತರಾಕ ಹೋದಾಗ ನಾ ಹೇಳೇನಿ. ಕಿವಿ ಎಲ್ಲಿ ಇಟ್ಟಿದ್ದಿ?"

"ನೀ ನಿನ್ನ ಸೊಸಿ ಸುದ್ದಿ ಹೇಳಿದಿ. ಕಡ್ಡಿ ಸುದ್ದಿ ಎಲ್ಲಿ ಹೇಳಿದಿ?"

ಇಬ್ಬರೂ ಆಣೆ ಹಾಕಿ, ಕಡೆಗೆ ನಕ್ಕುಬಿಟ್ಟರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ ಎಂದು ಇವತ್ತಿಗೂ ನಂಬಿದ್ದೇನೆ. ಆ ದಿನದ ದಿನಚರಿಯಲ್ಲಿ 'ನಾನೂ ಅವರೊಂದಿಗೆ ನಕ್ಕೆ' ಎಂದಿದೆ. ನನಗೆ ನಕ್ಕದ್ದು ನೆನಪಿಲ್ಲ. ಸಮಿತಿಗೆ ಏನು ಹೇಳಲಿ ಎಂಬ ಚಿಂತೆ ಮಾತ್ರ ನೆನಪಿದೆ. ದಿನಚರಿಯ ಮಾತು ಧೈರ್ಯಕ್ಕಾಗಿ ಬರೆದದ್ದೋ, ಚಿಂತೆ ನಾನು ಆಮೇಲೆ ಸೇರಿಸಿಕೊಂಡದ್ದೋ ಹೇಳಲಾರೆ.

ಧಾರವಾಡಕ್ಕೆ ಮರಳುವ ಬಸ್ಸಿನಲ್ಲಿ ಚಿಕ್ಕೋಡಿ ದಾಟುವವರೆಗೂ ಸಮಿತಿಗೆ ಹೇಳಲು ಸುಳ್ಳು ಹುಡುಕುತ್ತಿದ್ದೆ. ಸಿಗಲಿಲ್ಲ. ಸಭೆಯಲ್ಲಿ ಆದದ್ದನ್ನೇ ಹೇಳಿದೆ. ಸಮಿತಿಯ ಹಿರಿಯರೊಬ್ಬರು ಕನ್ನಡಕ ತೆಗೆದರು.

"ಅಂದರ ನಿಮ್ಮ ಪ್ರಯೋಗ ಕೆಟ್ಟು ಹೋಗೇದ. ಇದರ ಉಪಯೋಗ ಏನವಾ?"

"ಉತ್ತರ ತಾವೇ ಕಂಡವರು ಯಾರು, ಕೇಳಿ ತಿಳಿದವರು ಯಾರು ಅಂತ ನನಗೆ ಹೇಳೋದಕ್ಕೆ ಆಗಲಿಲ್ಲ, ಸರ್. ಅವರಿಗೂ ಆಗಲಿಲ್ಲ. ಶಾಲೆಯಲ್ಲಿ ಬಾಯಿಪಾಠ ಒಪ್ಪಿಸೋ ಹುಡುಗಿಗೂ ಹೊಸದು ಕಂಡ ಹುಡುಗಿಗೂ ನಾವು ಒಂದೇ ಅಂಕ ಕೊಡ್ತೀವಿ. ಎರಡನೆಯವಳು ಎಲ್ಲಿ ಕೂತಿದ್ದಾಳೆ ಅಂತ ಗುರುತಿಸೋದೇ ನಮಗೆ ಗೊತ್ತಿಲ್ಲ. ಅದು ಗೊತ್ತಾಗಬೇಕಲ್ಲ?"

ಸಮಿತಿಯವರು ತಮ್ಮತಮ್ಮಲ್ಲಿ ಗುಸುಗುಸು ಮಾತಾಡಿ, ಮುಂದಿನ ಸಭೆಯವರೆಗೆ ಸಮಯ ಕೊಟ್ಟರು. ಹೊರಬಂದ ಮೇಲೆ ಮಾರ್ಗದರ್ಶಕರು ಹೇಳಿದರು: "ಈ ಸಲ ಬಳಗ ಇಲ್ಲದ ಊರಿಗೆ ಹೋಗರಿ."

ಅಥಣಿಯಲ್ಲಿ ಬಸ್ಸು ಬದಲಿಸಿ ಕೊಕಟನೂರಿಗೆ ಹೋದೆ. ಅಲ್ಲಿ ನಮ್ಮವರು ಯಾರೂ ಇರಲಿಲ್ಲ. ಮೊದಲ ಮನೆಯ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಅವರೆಕಾಯಿ ಸುಲಿಯುತ್ತಿದ್ದಳು.

"ಯಾರ ಪೈಕಿ ಬೇ ನೀ?"

"ಧಾರವಾಡದಿಂದ ಬಂದೇನ್ರಿ, ಆಯಿ."

"ಧಾರವಾಡ ಇರ್ಲಿ. ನಿಮ್ಮವ್ವನ ತವರುಮನಿ ಯಾವೂರು?"

ಹೇಳದೆ ಇರಲಾಗಲಿಲ್ಲ. ಅವಳು ಬೆರಳು ಮಡಿಚುತ್ತ ಸಂಬಂಧ ಎಣಿಸಿ ನನ್ನ ಮಾವಶಿಯವರೆಗೆ ಬಂದಳು. ಅವಳ ಸೊಸೆ ಶೇಡಬಾಳದವಳು.

"ಅಂದ್ರ ಆ ಕಡ್ಡೀ ಹುಡಿಗಿ ನೀನ ಏನ?" ಮುದುಕಿ ನನ್ನ ಕೈ ಹಿಡಿದು ಎಳೆದಳು. "ಒಳಗ ಬಾ. ಹೆದರಬ್ಯಾಡ, ನಿನ್ನ ಪಾಸ್ ಮಾಡೇ ಕಳಸ್ತೀವಿ. ಏ, ಚಾ ಇಡ್ರೇ!"

ಒಳಗೆ ಸ್ಟೋವಿಗೆ ಗಾಳಿ ಹಾಕುವ ಸದ್ದು ಕೇಳಿಸಿತು. ಚಹಾ ಬರುವುದರೊಳಗೆ ಇವರು ಯಾರೂ ಕೇಳಿರದ ಬೇರೊಂದು ಸಮಸ್ಯೆ ನನಗೆ ಹೊಳೆಯಬೇಕಿತ್ತು. ಒಳಗೆ ಹೋಗದೆ ಕಟ್ಟೆಯ ಮೇಲೇ ಕುಳಿತೆ. ಏನೂ ಹೊಳೆಯಲಿಲ್ಲ.