ಅವ್ವ ಮುಚ್ಚಿಕೊಂಡ ತೋಳು

ರಾಮನಗರದ ಜಿಮ್ಮಿನಲ್ಲಿ ಇವತ್ತು ಡಂಬೆಲ್ ಎತ್ತುತ್ತಿದ್ದಾಗ ಟ್ರೈನರ್ ಬಂದು, “ಮೇಡಂ, ಲೈಟಾಗಿರೋದು ತಗೊಳ್ಳಿ. ತೋಳು ಗಂಡಸ್ರ ತರ ಆಗ್ಬುಡ್ತದೆ” ಎಂದ. ಮೈಯೆಲ್ಲ ಉರಿದುಹೋಯಿತು.

ನಾನು ಚಿಕ್ಕವಳಿದ್ದಾಗ ಕೂಟಗಲ್ಲಿನ ನಮ್ಮ ಮನೆಯಲ್ಲಿ ಚಿಕ್ಕಪ್ಪನ ತೋಳಿಗೆ ಭಾರಿ ಮರ್ಯಾದೆ. ಗರಡಿಯಿಂದ ಮೈತುಂಬ ಕೆಮ್ಮಣ್ಣು ಮೆತ್ತಿಕೊಂಡು ಬಂದು ಬಾವಿಕಟ್ಟೆಯ ಮೇಲೆ ಕೂರುತ್ತಿದ್ದ. “ಕೈ ಎತ್ತಕ್ಕಾಗಕಿಲ್ಲ ಕಣತ್ತಿಗೆ, ಒಸಿ ನೀರು ಸೇದಾಕಿ” ಎನ್ನುತ್ತಿದ್ದ. ಹೊಲದಿಂದ ಆಗಷ್ಟೇ ಬಂದ ಅವ್ವ ಅವನ ಸ್ನಾನಕ್ಕೆ ಹತ್ತು ಕೊಡ ಸೇದುತ್ತಿದ್ದಳು. ಅವಳ ಸೊಂಟ ಅಲುಗುತ್ತಿರಲಿಲ್ಲ, ಕೊಡ ಒಂದೇ ಸಮ ಮೇಲೆ ಬರುತ್ತಿತ್ತು.

ಒಂದು ದಿನ ಚಿಕ್ಕಪ್ಪ ನನ್ನ ಮುಂದೆ ತೋಳು ಮಡಚಿ, “ಮುಟ್ನೋಡಮ್ಮಿ, ಕಲ್ಲು ಕಲ್ಲು” ಎಂದ. ಮುಟ್ಟಿದೆ. ಆಮೇಲೆ ಅವ್ವನ ತೋಳನ್ನೂ ಒತ್ತಿ ನೋಡಿ, “ಅವ್ವಂದೇ ಗಟ್ಟಿ ಐತೆ” ಎಂದೆ.

ಅಜ್ಜಿ ನನ್ನ ಬೆನ್ನಿಗೆ ಗುದ್ದಿದಳು. “ಗಂಡಿಗಿಂತ ಹೆಚ್ಚೇನಮ್ಮಿ ಇವ್ಳು?”

ಅವ್ವ ಸೆರಗೆಳೆದು ತೋಳು ಮುಚ್ಚಿಕೊಂಡಳು. ಅಜ್ಜಿಯ ಗುದ್ದು ಅವತ್ತೇ ಮರೆತೆ. ಅವ್ವ ಹಾಗೆ ಮುಚ್ಚಿಕೊಂಡದ್ದಕ್ಕೆ ನನಗಿನ್ನೂ ಸಿಟ್ಟಿದೆ.

ಜಿಮ್ಮಿನಲ್ಲಿ ನನ್ನ ಪಕ್ಕದಲ್ಲೇ ಗಂಡಸೊಬ್ಬ ಬೆನ್ನು ಹಿಂದಕ್ಕೆ ಬಾಗಿಸಿ ಡಂಬೆಲನ್ನು ಉಯ್ಯಾಲೆಯಂತೆ ತೂಗುತ್ತಿದ್ದ. ಟ್ರೈನರ್ ಅವನಿಗೆ ಏನೂ ಹೇಳಲಿಲ್ಲ. ನಾನು ಐದು ಕೆಜಿಯದನ್ನು ಕೆಳಗಿಟ್ಟು ಎಂಟರದನ್ನು ಎತ್ತಿಕೊಂಡೆ. ಸೊಂಟ ಅಲುಗಿಸದೆ, ಒಂದೇ ಸಮ ಎತ್ತಿದೆ.

“ಎತ್ತೋ ಫಾರ್ಮ್ ಚೆನ್ನಾಗೈತೆ ಮೇಡಂ. ಯಾವ ಜಿಮ್ಮಲ್ಲಿ ಕಲಿತ್ರಿ?” ಟ್ರೈನರ್ ಕೇಳಿದ.

“ಬಾವಿಕಟ್ಟೇಲಿ” ಎಂದೆ, ಅವನ ಮುಖ ನೋಡದೆ.