ಬಿಳಿ ಪಟ್ಟೆ ಬರೆಸಿದ ಪುಣ್ಯಾತ್ಮ

“ಬಸ್ಸು ಇಲ್ಲಿ ನಿಲ್ತದೆ, ದಾಟೋ ಬಿಳಿ ಪಟ್ಟೆ ಅಲ್ಲೆಲ್ಲೋ ಅದೆ. ಯಾವ ಪುಣ್ಯಾತ್ಮ ಬರ್ಸುದ್ನೋ!” ರಸ್ತೆ ದಾಟುವಾಗ ಸ್ಕೂಟರ್ ಬಡಿದು ಬಿದ್ದ ಮಾರ್ಟಳ್ಳಿಯ ಅಜ್ಜಿ ಮಂಡಿ ಒತ್ತಿಕೊಂಡು ಬೈಯುತ್ತಿದ್ದರು. ನೀರು ಹಿಡಿದು ನಿಂತಿದ್ದ ನಾನೇ ಆ ಪುಣ್ಯಾತ್ಮ.

ಕೊಳ್ಳೇಗಾಲದ ಆ ರಸ್ತೆಯಲ್ಲಿ ಎರಡು ಟೀ ಅಂಗಡಿ: ಬಸ್ಸು ನಿಲ್ಲುವ ಜಾಗದ ಎದುರಿಗೇ ಮಾದಪ್ಪನದು, ತುಸು ದೂರದಲ್ಲಿ ನನ್ನದು. ಬಸ್ಸಿಳಿದವರೆಲ್ಲ ನೇರ ದಾಟಿ ಅವನಲ್ಲಿಗೇ ಹೋಗುವುದು ಕಂಡು ನನಗೆ ಹೊಟ್ಟೆಯುರಿ. ರಸ್ತೆ ಸರಿಪಡಿಸಲು ಬಂದ ಎಂಜಿನಿಯರು ಜನ ಎಲ್ಲಿ ದಾಟುತ್ತಾರೆಂದು ಕೇಳಿದಾಗ, “ನನ್ನಂಗ್ಡಿ ಮುಂದೇನೇ ಸಾ” ಎಂದಿದ್ದೆ. ಪಟ್ಟೆ ನನ್ನ ಮುಂದೆ ಬಂತು. ಜನ ಮಾತ್ರ ಹಳೆಯ ಜಾಗದಲ್ಲೇ ದಾಟಿದರು.

ಅಜ್ಜಿ ಬಿದ್ದ ದಿನದಿಂದ ಬಸ್ಸು ಬಂದಾಗಲೆಲ್ಲ ಮಾದಪ್ಪನ ಅಂಗಡಿ ಮುಂದೆ ಗಾಡಿಗಳಿಗೆ ಕೈ ಅಡ್ಡ ಹಿಡಿದು ಜನರನ್ನು ದಾಟಿಸತೊಡಗಿದೆ. ಏನೂ ಅರಿಯದ ಅವನು, “ಕುಡಿಯಣ್ಣ, ಬಿಸ್ಲಲ್ಲಿ ನಿಂತಿದ್ದೀಯ” ಎಂದು ಟೀ ಕೊಡುತ್ತಿದ್ದ. ಅದು ನನ್ನ ಟೀಗಿಂತ ಚೆನ್ನಾಗಿಯೇ ಇತ್ತು.