ಬೀರುವಿನಲ್ಲಿಟ್ಟ ಕಿವಿ

ದಿವ್ಯಾಳ ಕಿವಿ ಮಿಷನ್ನನ್ನು ಎರಡು ವರ್ಷ ಶಾಲೆಯ ಬೀರುವಿನಲ್ಲಿ ಬೀಗ ಹಾಕಿ ಇಟ್ಟವಳು ನಾನೇ. ಮಿಷನ್ ಹಾಕಿಕೊಂಡು ನನ್ನ ಪಕ್ಕದಲ್ಲಿ ನಗುವ ಹುಡುಗಿಯ ಫೋಟೋಗೆ ಇದೇ ಪೇಜಿನಲ್ಲಿ ಹಾರ್ಟು ಒತ್ತಿದಿರಲ್ಲ, ‘ಇಂಥ ಟೀಚರ್ ಇರಬೇಕು’ ಎಂದಿರಲ್ಲ — ಆ ಫೋಟೋ ಸುಳ್ಳು. ಶಾಲೆ ತಪಾಸಣೆಗೆ ಸಾಹೇಬರು ಬರುತ್ತಾರೆಂದು ಆವತ್ತು ಹೊರಗೆ ತೆಗೆದಿದ್ದೆ. ಅವರ ಜೀಪು ಗೇಟು ದಾಟಿದ ಮೇಲೆ ಮತ್ತೆ ಬೀರುವಿಗೆ.

ಆಗ ನಾನು ಹಂಗಳದ ಕಡೆಯ ಒಂದು ಶಾಲೆಯಲ್ಲಿದ್ದೆ. ದಿವ್ಯಾ ನನ್ನ ಕ್ಲಾಸಿನ, ಕಿವಿ ಕೇಳದ ಹುಡುಗಿ. ಗುಂಡ್ಲುಪೇಟೆಯ ಕ್ಯಾಂಪಿನಲ್ಲಿ ಅವಳಿಗೆ ಮಿಷನ್ ಕೊಟ್ಟರು, ಫೋಟೋ ಹಿಡಿದರು, ಹೋದರು. ಮೊದಮೊದಲು ಚೆನ್ನಾಗಿತ್ತು, ದಿವ್ಯಾ ‘ಮಿಸ್’ ಅನ್ನುವುದನ್ನು ಕಲಿತಳು. ಆಮೇಲೆ ಅದು ಕುಂಯ್ ಎಂದು ಶಿಳ್ಳೆ ಹೊಡೆಯತೊಡಗಿತು. ಮಿಕ್ಕ ಮಕ್ಕಳು ನಗುವುದು, ಪಾಠ ನಿಲ್ಲುವುದು — ನನಗೆ ರೇಗಿತು. ಚೆಂಡುಹೂ ಕೀಳುವ ಕೂಲಿಗೆ ಹೋಗುತ್ತಿದ್ದ ಅವಳ ತಾಯಿ ಚಿಕ್ಕತಾಯಮ್ಮನನ್ನು ಕರೆಸಿದೆ.

“ಆಸ್ಪತ್ರೆಗೆ ತೋರುಸ್ಬೇಕಾ ಮಿಸ್ಸೇ?”

“ಏನೂ ಬ್ಯಾಡ ಕಣಮ್ಮ. ಕಳದೋದ್ರೆ ಇನ್ನೊಂದು ಕೊಡಕಿಲ್ಲ. ಬೀರುಲಿ ಜ್ವಾಪಾನ್ವಾಗಿ ಇರ್ಲಿ, ಸಾಯೇಬ್ರು ಬಂದಾಗ ಹಾಕನ.”

ಅಷ್ಟೇ ಮಾತು.

ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಒಳಗೆ ಕೂರುವ ಅಚ್ಚು ಸಡಿಲವಾಗುತ್ತದೆ, ಅದಕ್ಕೇ ಶಿಳ್ಳೆ. ಹೊಸ ಅಚ್ಚು ಹಾಕಿಸಿದರೆ ಮುಗಿಯಿತು! ಇದನ್ನು ಮಿಷನ್ ಕೊಟ್ಟವರು ಶಾಲೆಗೆ ಹೇಳಲಿಲ್ಲ. ಪಾಠ ಶಾಲೆಯ ಪಾಡು ಅಂತ ಅವರು, ಕಿವಿ ಆಸ್ಪತ್ರೆಯ ಪಾಡು ಅಂತ ನಾವು. ಥೂ! ಆ ಕಿವಿಯಿಂದಲೇ ಅಲ್ಲವೇ ಅವಳು ಪಾಠ ಕೇಳಬೇಕಿದ್ದದ್ದು? ಹೋಗಲಿ, ಅವರು ಹೇಳಲಿಲ್ಲ — ನಾನು ಕೇಳಿದೆನೇ? ಫೋಟೋ ತೆಗೆದ ಫೋನಿನಲ್ಲೇ ಕೇಳಬಹುದಿತ್ತು.

ದಿವ್ಯಾ ಹಿಂದಿನ ಬೆಂಚಿನಲ್ಲಿ ಕೂತು ಬೋರ್ಡು ನೋಡಿ ಬರೆದಳು. ಕಲಿತ ಮಾತೂ ಹೋಯಿತು. ‘ಮಿಸ್’ ಅನ್ನುವುದೂ.

ದಿವ್ಯಾ ಹೈಸ್ಕೂಲು ಸೇರಿ, ಅಲ್ಲಿನ ಮೇಷ್ಟರು ಪಟ್ಟು ಹಿಡಿದ ಮೇಲೆ ಮಿಷನ್ ಬೀರುವಿನಿಂದ ಹೊರಗೆ ಬಂತು, ಚಾಮರಾಜನಗರದ ಡಾಕ್ಟರ ಹತ್ತಿರ ಅಚ್ಚಿಗೆ ಅಳತೆ ಕೊಟ್ಟಿದ್ದಾಯಿತು. ಅದು ಬಂದ ದಿನ ತಾಯಿ-ಮಗಳ ಜೊತೆಗೆ ನಾನೂ ಹೋದೆ. ಕಿವಿಗೆ ಕೂರಿಸಿದರು. ಶಿಳ್ಳೆಯಿಲ್ಲ. ದಿವ್ಯಾ ಕತ್ತೆತ್ತಿ ಫ್ಯಾನನ್ನೇ ನೋಡುತ್ತಿದ್ದಳು. ಡಾಕ್ಟರು ತಾಯಿಯ ಮೇಲೆ ಹರಿಹಾಯ್ದರು.

“ಎರಡು ವರ್ಷ ಮನೇಲಿಟ್ಕೊಂಡು ಏನ್ ಪೂಜೆ ಮಾಡ್ತಿದ್ದೇನಮ್ಮ? ಮಗು ಮಾತು ಹಾಳು ಮಾಡ್ದೋಳು ನೀನೇ!”

ಚಿಕ್ಕತಾಯಮ್ಮ ಒಮ್ಮೆ ನನ್ನತ್ತ ನೋಡಿದಳು.

“ತಪ್ಪಾಯ್ತು ಸಾ.”

ನಾನು — ನಾನು ಗೋಡೆಗೆ ತೂಗುಹಾಕಿದ್ದ ಕಿವಿಯ ಚಿತ್ರ ನೋಡುತ್ತ ನಿಂತಿದ್ದೆ.

ಹೊರಗೆ ಬಂದು, ಯಾಕೆ ನನ್ನ ಹೆಸರು ಹೇಳಲಿಲ್ಲ ಎಂದೆ.

“ಬುಡಿ ಮಿಸ್ಸೇ. ನಮ್ಗೆ ಬೈಸ್ಕಂಡು ರೂಢಿ ಅದೆ. ನೀವು ಬೈಸ್ಕಂಡ್ರೆ ಚೆಂದಾಗಿರಕಿಲ್ಲ.”

ಅವಳು ಕೆನ್ನೆಗೆ ಬಾರಿಸಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಫೋಟೋ ಅಳಿಸುವುದಿಲ್ಲ. ಅದರ ಕೆಳಗೆ ಇದನ್ನೇ ಹಾಕುತ್ತಿದ್ದೇನೆ. ಸೋಮವಾರ ತಾಯಿ-ಮಗಳಿಬ್ಬರನ್ನೂ ಕರೆದುಕೊಂಡು ಅದೇ ಕೋಣೆಗೆ ಹೋಗಿ, ಬೀಗ ಹಾಕಿದವಳು ನಾನೆಂದು ಹೇಳಿ, ಅದೇ ಡಾಕ್ಟರಿಂದ ಬೈಸಿಕೊಳ್ಳುತ್ತೇನೆ. ಅದರಿಂದ ಏನೂ ವಾಪಸ್ಸು ಬರುವುದಿಲ್ಲ, ಗೊತ್ತು. ಹೊಸ ಅಚ್ಚು ಕೂತ ಮೇಲೆ ದಿವ್ಯಾ ತಾಯಿಯ ಬಾಯಿಂದ ಮೊದಲು ಕೇಳಿದ್ದು ‘ತಪ್ಪಾಯ್ತು’ ಅನ್ನುವ ಮಾತು. ಅದನ್ನು ಹೇಳಬೇಕಾಗಿದ್ದವಳು ನಾನು.